ಫೋಟೋದ ಬೆನ್ನ ಮೇಲಿನ ಬರಹ

ಹೋದ ಸಲ ಈ ಅಂಕಣದಲ್ಲಿ ರೇಶನ್ ಕಾರ್ಡಿನಲ್ಲಿ ತಪ್ಪಾಗಿ ಬಿದ್ದ ಹೆಸರನ್ನು ತಿದ್ದಿಸುವ ಬಗೆಯನ್ನು ಬರೆದಿದ್ದೆ. ಓದಿದ ನಾಲ್ಕಾರು ಮನೆಯವರು, 'ಇಂಥ ಉಪಯೋಗದ ಮಾತನ್ನೇ ಇನ್ನೂ ಬರೆಯಿರಿ' ಎಂದು ಹೇಳಿ ಕಳಿಸಿದರು. ಈ ಸಲದ ಮಾತೂ ಉಪಯೋಗದ್ದೇ. ಆದರೆ ಇದನ್ನು ನಾನು ಕಲಿತದ್ದು ಪುಸ್ತಕ ಓದಿ ಅಲ್ಲ. ನನ್ನ ಕೈಯಿಂದಲೇ ಒಂದು ತಪ್ಪು ಆಗಿಹೋದ ಮೇಲೆ.

ಮೊದಲು ಅಜ್ಜನ ಫೋಟೋದ ಮಾತು. ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜ-ಅಜ್ಜಿಯರ ಒಂದು ಕಪ್ಪು-ಬಿಳಿ ಫೋಟೋ ಇದೆ. ಅಜ್ಜನಿಗೆ ಕೋಟು, ರುಮಾಲು. ಅಜ್ಜಿಗೆ ಇಳಕಲ್ಲ ಸೀರೆ. ನಡುವೆ ಸ್ಟುಡಿಯೋದವರು ಇಟ್ಟ ಒಂದು ಹೂದಾನಿ. ಮುಂದಿನಿಂದ ನೋಡಿದರೆ ಇವರು ಯಾರ ಮನೆಯ ಹಿರಿಯರೂ ಆಗಬಹುದು. ತಿರುವಿ ನೋಡಿದಾಗಲೇ ಇವರು ನಮ್ಮವರೆಂದು ತಿಳಿಯುವುದು. ಹಿಂದೆ ಸೊಲ್ಲಾಪುರದ ಸ್ಟುಡಿಯೋದ ನೇರಳೆ ಬಣ್ಣದ ಶಿಕ್ಕೆ. ಅದರ ಕೆಳಗೆ ಅಜ್ಜನ ಕೈಬರಹದಲ್ಲಿ 'ದೌಂಡಕ್ಕೆ ಬದಲಿಯಾದ ವರ್ಷ, 1958' ಎಂಬ ಒಂದು ಸಾಲು. ಕಲಬುರ್ಗಿಯ ಕಡೆಯಿಂದ ರೈಲ್ವೆ ನೌಕರಿಗೆಂದು ಹೊರಟ ನಮ್ಮ ಮನೆತನ ಭೀಮಾ ನದಿಯ ಈ ಮೇಲಿನ ದಂಡೆಗೆ ಯಾವಾಗ ಬಂದು ನಿಂತಿತೆಂಬುದಕ್ಕೆ ಆ ಒಂದು ಸಾಲೇ ನಮಗೆ ಆಧಾರ. ಊರು ಬಿಟ್ಟು ಬಂದವರ ಮನೆಗಳಲ್ಲಿ ಎಷ್ಟೋ ಸಲ ಫೋಟೋದ ಮುಖಕ್ಕಿಂತ ಬೆನ್ನೇ ಹೆಚ್ಚು ಹೇಳುತ್ತದೆ.

ಈಗಿನ ಮೊಬೈಲು ಫೋಟೋಕ್ಕೆ ಬೆನ್ನಿಲ್ಲವೆಂದೇ ನಾನು ತಿಳಿದುಕೊಂಡಿದ್ದೆ. ಬೆನ್ನು ಉಂಟು, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅಜ್ಜನ ಬರಹ ಒಂದು ಸಾಲಿನದಾದರೆ ಇದು ಒಂದು ಪಂಚನಾಮೆಯಷ್ಟು ಉದ್ದ. ಫೋಟೋ ತೆಗೆದ ದಿನ, ಗಂಟೆ, ಮಿನಿಟು, ಸೆಕೆಂಡು. ಮೊಬೈಲಿನ ಕಂಪನಿ ಮತ್ತು ಮಾದರಿ. ಮಸೂರದ ಅಳತೆ, ಬೆಳಕಿನ ಲೆಕ್ಕ. ಆಮೇಲೆ ಯಾವುದಾದರೂ ಸಾಫ್ಟ್‌ವೇರಿನಲ್ಲಿ ತಿದ್ದಿದ್ದರೆ ಎಷ್ಟೋ ಸಲ ಅದರ ಹೆಸರು. ಕ್ಯಾಮರಾದಲ್ಲಿ ಸ್ಥಳ ಬರೆಯುವ ಸೌಕರ್ಯ ತೆರೆದಿದ್ದರೆ, ನಾವು ನಿಂತ ಜಾಗದ ಅಕ್ಷಾಂಶ-ರೇಖಾಂಶಗಳೂ ಅದರಲ್ಲಿ ಸೇರುತ್ತವೆ. ಈ ಬರಹಕ್ಕೆ ಇಂಥದೇ ನಮೂನೆ ಇರಬೇಕೆಂದು 1995ರಲ್ಲಿ ಜಪಾನಿನ ಇಲೆಕ್ಟ್ರಾನಿಕ್ ಉದ್ಯಮದವರ ಸಂಘ ಗೊತ್ತುಪಡಿಸಿತು. ಆ ನಮೂನೆಗೆ ಎಕ್ಸಿಫ್ ಎಂದು ಹೆಸರು. ಉದ್ದೇಶವೇನೂ ಕೆಟ್ಟದ್ದಲ್ಲ. ಯಾವ ಬೆಳಕಿನಲ್ಲಿ ಹೇಗೆ ತೆಗೆದೆನೆಂಬುದು ಫೋಟೋಗಾರನಿಗೆ ನೆನಪಿರಬೇಕು, ಚಿತ್ರಗಳು ತಾರೀಖಿನ ಕ್ರಮದಲ್ಲಿ ತಾವೇ ಜೋಡಣೆಯಾಗಬೇಕು, ಇಷ್ಟೇ. ತಿಳಿದವರು ಇಂಥ ಬರಹಕ್ಕೆಲ್ಲ ಒಟ್ಟಾಗಿ ಮೆಟಾಡೇಟಾ ಎನ್ನುತ್ತಾರೆ. ನಾನು ಮಾತ್ರ ಇಲ್ಲಿ ಬೆನ್ನ ಬರಹವೆಂದೇ ಕರೆಯುತ್ತೇನೆ.

ಸ್ಥಳದ ಲೆಕ್ಕವನ್ನಷ್ಟು ಬಿಡಿಸಿ ಹೇಳಬೇಕು. ನಮ್ಮ ದೌಂಡ 18 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶ, 74 ಡಿಗ್ರಿ ಚಿಲ್ಲರೆ ಪೂರ್ವ ರೇಖಾಂಶದಲ್ಲಿದೆ. ಎಲ್ಲ ಗುಟ್ಟು ಆ ಚಿಲ್ಲರೆಯಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿಯೆಂದರೆ ಸುಮಾರು 111 ಕಿಲೋಮೀಟರು. ದಶಾಂಶ ಬಿಂದುವಿನ ಆಚೆ ನಾಲ್ಕನೆಯ ಅಂಕಿಯವರೆಗೆ ಹೋದರೆ ಉಳಿಯುವ ಅಂತರ ಸುಮಾರು 11 ಮೀಟರು. ಮೊಬೈಲು ಅದಕ್ಕಿಂತಲೂ ಮುಂದಿನ ಅಂಕಿಗಳನ್ನು ಬರೆಯುತ್ತದೆ. ಅಂದಮೇಲೆ ಊರು, ಓಣಿ ದಾಟಿ ಮನೆಯ ಬಾಗಿಲೇ ಸಿಕ್ಕಂತಾಯಿತಲ್ಲವೆ?

ಇಷ್ಟೆಲ್ಲ ಕಚೇರಿಯಲ್ಲಿದ್ದ ನಿನಗೆ ತಿಳಿದಿರಲಿಲ್ಲವೆ ಎಂದು ಯಾರಾದರೂ ಕೇಳಿಯಾರು. ತಿಳಿದಿತ್ತು, ಅದೇ ನಗೆಗೇಡಿನ ಮಾತು. ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್ 15ರಿಂದ 'ಈ-ಪೀಕ ಪಾಹಣಿ' ಎಂಬ ವ್ಯವಸ್ಥೆ ಎಲ್ಲ ಕಡೆ ಜಾರಿಗೆ ಬಂತು. ರೈತ ತಾನೇ ಹೊಲದಲ್ಲಿ ನಿಂತು, ಮೊಬೈಲಿನಿಂದ ಬೆಳೆಯ ಫೋಟೋ ತೆಗೆದು ಕಳಿಸಬೇಕು. ಫೋಟೋದ ಜೊತೆಗೆ ಜಾಗದ ಗುರುತೂ ಹೋಗುತ್ತದೆ. ಅದರ ಮೇಲಿಂದ ಸಾತಬಾರಾ ಉತಾರೆಯಲ್ಲಿ ಬೆಳೆಯ ನೋಂದಣಿ. ಕರ್ನಾಟಕದಲ್ಲಿಯೂ 2020ರಿಂದ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ರೈತರೇ ಫೋಟೋ ಏರಿಸುವ ಪದ್ಧತಿ ಬಂತು. ಉದ್ಯೋಗ ಖಾತ್ರಿಯ ಕೆಲಸಗಳಲ್ಲಿ 2023ರ ಜನವರಿ 1ರಿಂದ ಕೂಲಿಕಾರರ ಹಾಜರಿಗೆ ಸ್ಥಳದ ಗುರುತಿನ ಫೋಟೋ ದಿನಕ್ಕೆ ಎರಡು ಸಲ ಬೇಕೆಂದು ಕಡ್ಡಾಯವಾಯಿತು. ಹೀಗೆ ಸರಕಾರಿ ಕೆಲಸದಲ್ಲಿ ಸ್ಥಳದ ಗುರುತಿಲ್ಲದ ಫೋಟೋ ಎಂದರೆ ಸಹಿಯಿಲ್ಲದ ಅರ್ಜಿಯಿದ್ದ ಹಾಗೆ. ನನ್ನ ಟೇಬಲ್ಲಿಗೆ ಅಂಥದು ಬಂದರೆ, 'ಇದು ನಡೆಯುವುದಿಲ್ಲ, ಮತ್ತೊಂದು ತೆಗೆದುಕೊಂಡು ಬನ್ನಿ' ಎಂದು ಹಿಂದಕ್ಕೆ ಕಳಿಸುವ ಕಾರಕೂನ ನಾನೇ. ಊರವರ ಫೋಟೋದ ಬೆನ್ನನ್ನು ದಿನಾ ತಪಾಸಣೆ ಮಾಡುವವನಿಗೆ ತನ್ನ ಮೊಬೈಲಿನ ಫೋಟೋಕ್ಕೂ ಒಂದು ಬೆನ್ನಿದೆಯೆಂದು ಹೊಳೆಯಲಿಲ್ಲ. ತನ್ನ ಬೆನ್ನು ತನಗೆ ಕಾಣದೆಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಈಗ ನಡೆದ ಸಂಗತಿ. ಒಂದು ಮಳೆಗಾಲದಲ್ಲಿ ನನ್ನ ಅಕ್ಕನ ಮಗಳು ಒಂದು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಒಂದೇ ಚೀಲದೊಡನೆ ದೌಂಡ ಸ್ಟೇಶನ್ನಿನಲ್ಲಿ ಇಳಿದಳು. ಗಂಡನ ಮನೆಯಲ್ಲಿ ಆಕೆಗೆ ಏನೇನಾಯಿತೆಂಬುದನ್ನು ಈ ಪುಟದಲ್ಲಿ ಬರೆಯುವುದು ಬೇಡ. ತೋಳು ಮುಚ್ಚುವ ರವಿಕೆಯನ್ನೇ ಯಾಕೆ ಹಾಕಿಕೊಳ್ಳುತ್ತಿದ್ದಳೆಂದು ನಮ್ಮ ಮನೆಯಾಕೆಗೆ ಎರಡನೆಯ ದಿನ ತಿಳಿಯಿತು, ಅಷ್ಟು ಸಾಕು. ನಮ್ಮ ಮನೆಯ ವಿಳಾಸ ಆ ಗಂಡನಿಗೆ ಗೊತ್ತಿತ್ತು. ಆದ್ದರಿಂದ ಬೇರೆ ಓಣಿಯಲ್ಲಿ ಆಕೆಗೊಂದು ಖೋಲಿ ಹಿಡಿದುಕೊಟ್ಟೆವು. ಅವನು ಒಂದು ಸಲ ನಮ್ಮಲ್ಲಿಗೆ ಬಂದು, ಮನೆಯೆಲ್ಲ ಕಣ್ಣಾಡಿಸಿ, ಚಹಾ ಕುಡಿಯದೆ ತಿರುಗಿ ಹೋದನು. ಆಕೆ ಎಲ್ಲಿದ್ದಾಳೆಂದು ನಾವೂ ಹೇಳಲಿಲ್ಲ. ಎಂಟು ತಿಂಗಳು ಹೀಗೆ ಕಳೆದವು. ಆಕೆ ಹೊಲಿಗೆ ಕಲಿತಳು, ಕೂಸು ಓಣಿಯ ಮಕ್ಕಳೊಡನೆ ಮರಾಠಿ ಕಲಿಯಿತು.

ಕೂಸಿನ ಹುಟ್ಟುಹಬ್ಬ ಬಂತು. ಆ ಖೋಲಿಯಲ್ಲಿಯೇ ನಾಲ್ಕು ಜನ ಸೇರಿ, ಆರತಿ ಮಾಡಿ, ಹೋಳಿಗೆ ಉಂಡೆವು. ನಾನು ಫೋಟೋ ತೆಗೆದೆ. ಫೋಟೋದಲ್ಲಿ ಮುಖಕ್ಕೆ ಕುಂಕುಮ ಮೆತ್ತಿಕೊಂಡ ಕೂಸು, ಹಿಂದೆ ಸುಣ್ಣದ ಗೋಡೆ, ಮತ್ತೇನೂ ಇಲ್ಲ. 'ಗೋಡೆ ನೋಡಿದರೆ ಯಾರಿಗೆ ಏನು ತಿಳಿಯುತ್ತದೆ?' ಎಂದುಕೊಂಡು ಊರಿನ ಕಡೆಯ ಬಂಧುಗಳಿಗೆ ಮೊಬೈಲಿನಲ್ಲಿ ಕಳಿಸಿದೆ. ಫೋಟೋ ಮಸುಕಾಗಿ ಬಂತೆಂದು ಅತ್ತಿಗೆ ಗೊಣಗಿದರು. ಆಗ ಯಾರೋ ಹೇಳಿಕೊಟ್ಟಂತೆ ಅದನ್ನೇ 'ಡಾಕ್ಯುಮೆಂಟ್' ಎಂದು ಆರಿಸಿ, ಇದ್ದದ್ದು ಇದ್ದ ಹಾಗೆ ಮತ್ತೊಮ್ಮೆ ಕಳಿಸಿದೆ. ಫೋಟೋ ಬಲು ಸ್ಪಷ್ಟವಾಗಿ ಬಂತೆಂದು ಎಲ್ಲರಿಗೂ ಸಂತೋಷವಾಯಿತು.

ಬಂಧುಗಳ ಕೈಯಿಂದ ಕೈಗೆ ಅದು ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಯಿತು. ಹತ್ತನೆಯ ದಿನ ಬೆಳಗಿನ ಗಾಡಿಗೆ ಇಳಿದ ಗಂಡ ಯಾರನ್ನೂ ಕೇಳದೆ ನೆಟ್ಟಗೆ ಆ ಖೋಲಿಯ ಬಾಗಿಲು ಬಡಿದನು. ದೇವರು ದೊಡ್ಡವನು, ಪಕ್ಕದ ಮನೆಯ ಮರಾಠಿ ಮಾವಶಿ, ಆಕೆಯ ಮಗ ಇಬ್ಬರೂ ಹೊರಗೆ ಬಂದು ನಿಂತರು. ಮಗ ರಾಜ್ಯ ರಾಖೀವ ಪೋಲೀಸ ದಳದವನು. ಗಂಡ ಕೈ ಎತ್ತಲಿಲ್ಲ. ಹೋಗುವಾಗ ನಕ್ಕು, 'ನಿಮ್ಮ ಮಾಮಾನ ಫೋಟೋನೇ ದಾರಿ ತೋರಿಸ್ತು' ಎಂದನಂತೆ.

ಸಂಜೆ ಆಕೆ ನನ್ನನ್ನು ಕೇಳಿದಳು: 'ಮಾಮಾ, ಫೋಟೋದಾಗ ಬರೇ ಗ್ವಾಡಿ ಕಾಣಸ್ತದ. ಮನಿ ಹ್ಯಾಂಗ ಗೊತ್ತಾತು?' ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಕಚೇರಿಯ ಕಂಪ್ಯೂಟರು ನೋಡಿಕೊಳ್ಳುವ ಹುಡುಗ ಆ ಫೋಟೋ ತೆರೆದು, ವಿವರದ ಗುಂಡಿ ಒತ್ತಿ, ನಕಾಶೆಯ ಮೇಲೆ ಒಂದು ಕೆಂಪು ಮೊಳೆ ತೋರಿಸಿದ. ಮೊಳೆ ಆ ಖೋಲಿಯ ಮೇಲೆಯೇ ನೆಟ್ಟಿತ್ತು. ವಾರದೊಳಗೆ ಆಕೆ ದೌಂಡ ಬಿಟ್ಟಳು. ಹೊಲಿಗೆ ಯಂತ್ರ, ಮಾವಶಿಯ ನೆರೆ, ಕೂಸಿನ ಗೆಳೆಯರು ಎಲ್ಲ ಇಲ್ಲಿಯೇ ಉಳಿದವು. ಹೊರಡುವಾಗ, 'ನೀವು ಬೇಕಂತ ಮಾಡಿಲ್ಲ ಮಾಮಾ' ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ನಾನೊಬ್ಬನೇ ದಡ್ಡನಲ್ಲವೆಂದು ಆಮೇಲೆ ತಿಳಿಯಿತು. ಕಂಪ್ಯೂಟರಿನ ವೈರಸ್ಸು ಕೊಲ್ಲುವ ಸಾಫ್ಟ್‌ವೇರಿನಿಂದ ಹೆಸರಾದ ಜಾನ್ ಮ್ಯಾಕಫಿ 2012ರಲ್ಲಿ, ನೆರೆಯವನ ಕೊಲೆಯ ವಿಚಾರಣೆಗೆ ಸಿಗದೆ ಬೆಲೀಜ್ ದೇಶದ ಪೋಲೀಸರಿಂದ ತಲೆಮರೆಸಿಕೊಂಡಿದ್ದ. ಅವನ ಜೊತೆಗಿದ್ದ ಪತ್ರಕರ್ತರು ಡಿಸೆಂಬರಿನಲ್ಲಿ ಒಂದು ಫೋಟೋ ಪ್ರಕಟಿಸಿದರು. ಅದರ ಬೆನ್ನಲ್ಲಿ ಗ್ವಾಟೆಮಾಲಾ ದೇಶದ ಅಕ್ಷಾಂಶ-ರೇಖಾಂಶ ಹಾಗೇ ಉಳಿದಿತ್ತು. ಕೆಲವೇ ದಿನಗಳಲ್ಲಿ ಅಲ್ಲಿಯೇ ಸೆರೆಯಾದ. ಕಂಪ್ಯೂಟರನ್ನೇ ಅರೆದು ಕುಡಿದವನ ಗತಿಯೇ ಇದಾದರೆ ನಮ್ಮ ಪಾಡೇನು? 2014ರಲ್ಲಿ ಅಮೇರಿಕೆಯ ಫ್ಲಾರಿಡಾದ ವಿಶ್ವವಿದ್ಯಾಲಯದ ಓವನ್ ಮಂಡಿ ಎಂಬ ಅಧ್ಯಾಪಕರು, ಜನ ತಾವಾಗಿಯೇ ಎಲ್ಲರಿಗೂ ತೆರೆದಿಟ್ಟ ಹತ್ತು ಲಕ್ಷ ಬೆಕ್ಕುಗಳ ಫೋಟೋಗಳನ್ನು ತೆಗೆದುಕೊಂಡು, ಅವುಗಳ ಬೆನ್ನ ಬರಹದಿಂದ ಯಾವ ಬೆಕ್ಕು ಎಲ್ಲಿದೆಯೆಂದು ಭೂಪಟದ ಮೇಲೆ ಗುರುತಿಸಿ ತೋರಿಸಿದರು. ಬೆಕ್ಕಿನ ಮನೆ ಸಿಕ್ಕರೆ ಬೆಕ್ಕು ಸಾಕಿದವರ ಮನೆಯೂ ಸಿಕ್ಕಿತಲ್ಲ!

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ನಾನು ಆಮೇಲೆ ಕಲಿತದ್ದನ್ನು ಈಗ ಹೇಳುತ್ತೇನೆ. ನಿಮ್ಮ ಕೋಟೆಯ ಬಾಗಿಲಾದರೂ ಹೊತ್ತಿಗೆ ಮುಂಚೆ ಮುಚ್ಚಲಿ.

ಮೊದಲನೆಯದು, ಬೇರಿಗೇ ಔಷಧ. ಕ್ಯಾಮರಾದ ಸೆಟ್ಟಿಂಗಿನಲ್ಲಿ 'ಲೊಕೇಶನ್' ಎಂಬುದನ್ನು ಮುಚ್ಚಿಬಿಟ್ಟರೆ ಇನ್ನು ಮುಂದಿನ ಫೋಟೋಗಳಲ್ಲಿ ಸ್ಥಳ ಬೀಳುವುದಿಲ್ಲ. ಹಿಂದೆ ತೆಗೆದವುಗಳಲ್ಲಿ ಅದು ಇದ್ದೇ ಇರುತ್ತದೆ.

ಎರಡನೆಯದು, ಕಳಿಸುವ ರೀತಿ. ವಾಟ್ಸಾಪಿನಲ್ಲಿ ಚಿತ್ರವನ್ನು ಚಿತ್ರವೆಂದೇ ಕಳಿಸಿದರೆ ಅದು ಕುಗ್ಗುವಾಗ ಬೆನ್ನ ಬರಹವೂ ಬಿದ್ದುಹೋಗುತ್ತದೆ. ಡಾಕ್ಯುಮೆಂಟಿನ ದಾರಿಯಲ್ಲಿ ಕಳಿಸಿದರೆ ಎಲ್ಲವೂ ಜೊತೆಗೇ ಹೋಗುತ್ತದೆ. ಈ-ಮೇಲಿಗೆ ಲಗತ್ತಿಸಿದ ಮೂಲ ಫೋಟೋದ ಮಾತೂ ಹಾಗೆಯೇ. ಐಫೋನಿನಲ್ಲಿ 2019ರಿಂದೀಚೆ, ಕಳಿಸುವ ಹೊತ್ತಿಗೆ ಮೇಲುಗಡೆಯ 'ಆಪ್ಶನ್ಸ್' ಒತ್ತಿ ಸ್ಥಳವನ್ನು ಬಿಟ್ಟು ಕಳಿಸಬಹುದು. ಆದರೆ ಬಿಡುವುದು ಸ್ಥಳವನ್ನು ಮಾತ್ರ.

ಮೂರನೆಯದು, ಪೂರ್ತಿ ಒರೆಸುವ ಸಾಫ್ಟ್‌ವೇರು. ಆಂಡ್ರಾಯ್ಡ್ ಮೊಬೈಲಿಗೆ ಸ್ಕ್ರ್ಯಾಂಬಲ್ಡ್ ಎಕ್ಸಿಫ್ ಎಂಬ ಪುಕ್ಕಟೆ ಆ್ಯಪು ಉಂಟು. ಫೋಟೋವನ್ನು ಮೊದಲು ಅದಕ್ಕೆ ಕೊಟ್ಟರೆ ಅದು ಒರೆಸಿ, ಮುಂದೆ ಯಾರಿಗೆ ಕಳಿಸಲೆಂದು ಕೇಳುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಬೇರೇನೂ ತರಬೇಕಿಲ್ಲ. ಫೋಟೋದ ಮೇಲೆ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್', ಅದರಲ್ಲಿ 'ಡೀಟೇಲ್ಸ್' ತೆರೆದರೆ ಕೆಳಗೆ ಖಾಸಗಿ ವಿವರ ತೆಗೆಯುವ ಒಂದು ಸಾಲು ಕಾಣುತ್ತದೆ. ಅಲ್ಲಿ ಒರೆಸಿದ ನಕಲನ್ನು ಬೇರೆ ಮಾಡಿಕೊಡುವ ಸೌಕರ್ಯವಿದೆ. ಇನ್ನೂ ಕಟ್ಟುನಿಟ್ಟಾಗಿ ಬೇಕಾದವರಿಗೆ ಎಕ್ಸಿಫ್‌ಟೂಲ್. ಕೆನಡಾದ ಫಿಲ್ ಹಾರ್ವಿ ಎಂಬವರು 2003ರಲ್ಲಿ ಬರೆದು ಜನಕ್ಕೆ ಪುಕ್ಕಟೆ ಕೊಟ್ಟದ್ದು ಇದು. ಒಂದೇ ಸಾಲಿನ ಅಪ್ಪಣೆಗೆ ಒಂದು ಫೋಲ್ಡರಿನ ಫೋಟೋಗಳನ್ನೆಲ್ಲ ಒರೆಸಿ ಕೊಡುತ್ತದೆ. ಮೂಲವನ್ನು ಅಳಿಸದೆ, ಹೆಸರಿನ ಕೊನೆಗೆ 'ಒರಿಜಿನಲ್' ಎಂಬ ಬಾಲ ಸೇರಿಸಿ ಪಕ್ಕದಲ್ಲಿಯೇ ಇಡುತ್ತದೆ. ಅವಸರದಲ್ಲಿ ಆ ಬಾಲದ್ದನ್ನೇ ಕಳಿಸಬಾರದು, ಅಷ್ಟೆ.

ವಿಡಿಯೋದಲ್ಲಿಯೂ ಇದೇ ಕತೆ. ಎಂಪಿ4 ಎಂಬ ನಮೂನೆಯ ಕಡತ ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟಂತೆ ಇರುತ್ತದೆ. ಒಂದರಲ್ಲಿ ಚಿತ್ರ, ಒಂದರಲ್ಲಿ ಧ್ವನಿ, ಬೇರೊಂದು ಸಣ್ಣ ಪೆಟ್ಟಿಗೆಯಲ್ಲಿ ತಾರೀಖು, ಸ್ಥಳ. ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರು ಚಿತ್ರ-ಧ್ವನಿಗಳನ್ನು ಮುಟ್ಟದೆ, ಈ ಚೀಟಿಗಳನ್ನು ಬಿಟ್ಟು ಹೊಸ ನಕಲು ಮಾಡಬಲ್ಲದು. ಫೋಟೋದಲ್ಲಿಯೂ ಬೆನ್ನ ಬರಹ ಚಿತ್ರದ ಅಂಕಿಗಳಿಂದ ಬೇರೆಯಾಗಿ, ಕಡತದ ಮೊದಲ ಭಾಗದಲ್ಲಿ ಇರುತ್ತದೆ. ಆದಕಾರಣ ಎಕ್ಸಿಫ್‌ಟೂಲಿನಂಥವು ಅದನ್ನು ಕತ್ತರಿಸಿದರೆ ಚಿತ್ರ ಮಸುಕಾಗುವುದಿಲ್ಲ. ಒಂದೊಂದು ಸಲ ಚಿತ್ರ ಅಡ್ಡ ಮಲಗುವುದುಂಟು. ಮೇಲು-ಕೆಳಗು ಯಾವುದೆಂಬ ಸೂಚನೆಯೂ ಆ ಬರಹದಲ್ಲಿಯೇ ಇರುತ್ತದಾದ್ದರಿಂದ ಹೀಗೆ. ನಾನು ಮೊದಲು ಒರೆಸಿದ ಫೋಟೋದಲ್ಲಿ ನಮ್ಮ ಮನೆಯಾಕೆ ಮಲಗಿಕೊಂಡೇ ರಂಗೋಲಿ ಹಾಕುತ್ತಿದ್ದಳು! ತಿರುಗಿಸಿ ಉಳಿಸಿದರೆ ಸರಿಹೋಗುತ್ತದೆ.

ಸಾಫ್ಟ್‌ವೇರಿನ ಮೇಲೆ ಭಾರ ಹಾಕಿ ನಿಶ್ಚಿಂತರಾಗುವ ಹಾಗೂ ಇಲ್ಲ. ಕಡತದ ಹೆಸರಿನಲ್ಲಿಯೇ ಮೊಬೈಲು ತಾರೀಖು ಬರೆದಿರುತ್ತದೆ. ಅದನ್ನು ಕೈಯಿಂದ ಬದಲಿಸಬೇಕು. ಬೆನ್ನ ಬರಹದೊಳಗೆ ಫೋಟೋದ ಒಂದು ಚಿಕ್ಕ ಪಡಿಯಚ್ಚೂ ಇರುವುದುಂಟು. ದೊಡ್ಡ ಚಿತ್ರದಲ್ಲಿ ಒಬ್ಬರ ಮುಖ ಕತ್ತರಿಸಿದರೂ ಪಡಿಯಚ್ಚಿನಲ್ಲಿ ಅದು ಉಳಿದೀತು. 2023ರ ಮಾರ್ಚಿನಲ್ಲಿ, ಕೆಲವು ಮೊಬೈಲುಗಳ ಮತ್ತು ಕಂಪ್ಯೂಟರಿನ ಕತ್ತರಿಸುವ ಸಲಕರಣೆಗಳು ಕತ್ತರಿಸಿದ ಭಾಗವನ್ನು ಕಡತದಲ್ಲಿಯೇ ಉಳಿಸಿಬಿಡುತ್ತಿದ್ದವೆಂದು ಬಯಲಾಗಿ, ಆಮೇಲೆ ತಯಾರಕರು ದುರಸ್ತಿ ಮಾಡಿದರು. ಇನ್ನು ಚಿತ್ರದ ಮುಖದ ಮೇಲೆಯೇ ಬರೆದದ್ದನ್ನು ಇಂಥ ಸಾಫ್ಟ್‌ವೇರು ಒರೆಸುವುದಿಲ್ಲ. ಶಾಲೆಯ ಸಮವಸ್ತ್ರದ ಬಿಲ್ಲೆ, ಕರೆಂಟು ಬಿಲ್ಲಿನ ವಿಳಾಸ, ಹಿಂದಿನ ಅಂಗಡಿಯ ಬೋರ್ಡು. ವಿಡಿಯೋದಲ್ಲಾದರೆ ದೂರದಿಂದ ಕೇಳಿಬರುವ ದೌಂಡ ಸ್ಟೇಶನ್ನಿನ ಘೋಷಣೆ. ಇವನ್ನು ನೋಡಲು, ಕೇಳಲು ನಮ್ಮ ಕಣ್ಣು-ಕಿವಿಗಳೇ ಬೇಕು.

ಇದನ್ನೆಲ್ಲ ಕಲಿತ ಹುರುಪಿನಲ್ಲಿ ನಾನು ಇನ್ನೊಂದು ತಪ್ಪು ಮಾಡುವವನಿದ್ದೆ. ಅಕ್ಕನ ಮಗಳ ಮೊಬೈಲಿನಲ್ಲಿದ್ದ ಫೋಟೋಗಳನ್ನೆಲ್ಲ ಒರೆಸಿಕೊಡುತ್ತೇನೆಂದು ಕೈಗೆ ತೆಗೆದುಕೊಂಡೆ. ಆಕೆಯ ವಕೀಲ ಬಾಯಿ ತಡೆದರು. ಆ ಮೊಬೈಲಿನಲ್ಲಿ ತನ್ನ ತೋಳಿನ ಬಾಸುಂಡೆಗಳ ಫೋಟೋಗಳನ್ನು ಆಕೆ ತೆಗೆದಿಟ್ಟಿದ್ದಳು. ಯಾವ ದಿನ, ಯಾವ ಹೊತ್ತು, ಯಾವ ಮನೆಯಲ್ಲಿ ಎಂಬುದು ಅವುಗಳ ಬೆನ್ನ ಮೇಲೆ ಇತ್ತು. 2005ರ ಕೌಟುಂಬಿಕ ಹಿಂಸೆ ತಡೆಯುವ ಕಾಯಿದೆಯ ಕೆಳಗೆ ಹಾಕಿದ ಅರ್ಜಿಗೆ ಅವೇ ಆಕೆಯ ಸಾಕ್ಷಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆಗೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಕಡತದ 'ಹ್ಯಾಶ್' ಎಂಬ ಗುರುತಿನ ಅಂಕಿಯನ್ನೂ ಬರೆಯಬೇಕು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಆ ಅಂಕಿ ಬೇರೆಯಾಗುತ್ತದೆ. ಬೆನ್ನ ಬರಹವನ್ನು ತಿದ್ದಲೂ ಬರುತ್ತದಾದ್ದರಿಂದ ಅದೊಂದನ್ನೇ ಕೋರ್ಟು ವೇದವಾಕ್ಯವೆಂದು ನಂಬಲಿಕ್ಕಿಲ್ಲ. ಆದರೆ ನಾವೇ ಒರೆಸಿಬಿಟ್ಟರೆ ನಮ್ಮ ಸಾಕ್ಷಿಯ ಬಾಯನ್ನು ನಾವೇ ಕಟ್ಟಿದಂತೆ. ಒಂದು ಫೋಟೋದ ಬೆನ್ನು ಆಕೆಯನ್ನು ಹಿಡಿದುಕೊಟ್ಟಿತು. ಇನ್ನೊಂದರ ಬೆನ್ನು ಆಕೆಯನ್ನು ಕಾಯುತ್ತಿದೆ.

ಕೊನೆಗೆ ದಾರಿ ತೋರಿಸಿದ್ದು ಕಚೇರಿಯ ಹಳೆಯ ರೂಢಿಯೇ. ಅಸಲು ಪ್ರತಿ ಫೈಲಿನಲ್ಲಿರಲಿ, ಹೊರಗೆ ಹೋಗುವುದು ನಕಲು. ಮೂಲ ಫೋಟೋ, ಮೂಲ ವಿಡಿಯೋಗಳನ್ನು ಬೆನ್ನ ಬರಹದ ಸಮೇತ ಒಂದು ಹಾರ್ಡ್ ಡಿಸ್ಕಿನಲ್ಲಿ ಜೋಪಾನವಾಗಿಡಿ. ಅವು ಮೊಮ್ಮಕ್ಕಳಿಗೆ ಬೇಕು, ಒಮ್ಮೊಮ್ಮೆ ಕೋರ್ಟಿಗೂ ಬೇಕು. ಹೊರಗೆ ಕಳಿಸುವುದಕ್ಕೆ ಒಂದು ನಕಲು ಮಾಡಿ, ಅದರ ಬೆನ್ನು ಒರೆಸಿ ಕಳಿಸಿ. ಸರಕಾರಿ ಕೆಲಸಕ್ಕೆ ಸ್ಥಳದ ಗುರುತು ಬೇಕೆಂದರೆ ಅಲ್ಲಿ ಕೊಡಿ, ಅಲ್ಲಿಗೆ ಮಾತ್ರ ಕೊಡಿ. ವಧೂವರರ ಫೋಟೋ, ಮಾರಾಟದ ಸಾಮಾನಿನ ಫೋಟೋ, ಮಕ್ಕಳ ಫೋಟೋ ಇವು ಮೂರನ್ನೂ ಒರೆಸದೆ ಕಳಿಸಲೇಬೇಡಿ. ನಮ್ಮ ಈ ತ್ರೈಮಾಸಿಕದ ಮಕ್ಕಳ ಪುಟಕ್ಕೆ ಫೋಟೋ ಕಳಿಸುವವರಿಗೂ ಇದೇ ಬಿನ್ನಹ.

ಈ ಸಂಗತಿಯನ್ನು ಬರೆಯಲು ಅಕ್ಕನ ಮಗಳ ಒಪ್ಪಿಗೆ ಪಡೆದಿದ್ದೇನೆ. 'ಬರೀರಿ ಮಾಮಾ, ಇನ್ನೊಬ್ಬಾಕಿಗೆ ಉಪಯೋಗ ಆಗ್ತದ' ಎಂದಳು. ಗುರುತು ಹತ್ತುವ ಒಂದೆರಡು ಮಾತುಗಳನ್ನು ಬದಲಿಸಿದ್ದೇನೆ. ಆಕೆ ಈಗಿರುವ ಊರು ಈ ಬರಹದ ಮುಂದೂ ಇಲ್ಲ, ಬೆನ್ನಿಗೂ ಇಲ್ಲ. ಕೂಸಿನ ಮುಂದಿನ ಹುಟ್ಟುಹಬ್ಬಕ್ಕೆ ಆಕೆಯೇ ಒಂದು ಫೋಟೋ ಕಳಿಸಿದ್ದಳು. ವಿವರದ ಗುಂಡಿ ಒತ್ತಿ ನೋಡಿದೆ. ಏನೂ ಇರಲಿಲ್ಲ. ಮನಸ್ಸಿಗೆ ಸಮಾಧಾನವಾಯಿತು.